ಬೆಣ್ಣೆ ಚಾವಡಿಯಿಂದ ತಾನ್ಹಾ ಪೋಳಾದವರೆಗೆ

ಪೋಳಾ ಹಬ್ಬದ ಮಾರನೆಯ ದಿನ ನಮ್ಮ ಪ್ರತಾಪ ನಗರದ ಗಲ್ಲಿಗಳಲ್ಲಿ ದೊಡ್ಡವರಿಗೆ ಬೆಲೆಯಿಲ್ಲ. ಅಂದು ಮಕ್ಕಳ ಹಬ್ಬ, ತಾನ್ಹಾ ಪೋಳಾ. ಗಾಲಿ ಹಚ್ಚಿದ ಮರದ ಎತ್ತಿಗೆ ಹಗ್ಗ ಕಟ್ಟಿಕೊಂಡು, ಒಬ್ಬ ಕೃಷ್ಣನ ವೇಷದಲ್ಲಿ, ಇನ್ನೊಬ್ಬ ಶಿವಾಜಿಯ ವೇಷದಲ್ಲಿ, ಪುಟಾಣಿಗಳೆಲ್ಲ ಮನೆಮನೆಗೆ ಬರುತ್ತಾರೆ. ನಾವು ಮರದ ಎತ್ತಿಗೆ ಕುಂಕುಮ ಹಚ್ಚಿ ಮಕ್ಕಳ ಕೈಗೆ ‘ಬೋಜಾರಾ’ ಇಡಬೇಕು. ಹತ್ತೋ ಇಪ್ಪತ್ತೋ ರೂಪಾಯಿ, ಇಲ್ಲವೇ ಒಂದು ಚಾಕಲೇಟು. ನಾಗಪುರಕ್ಕೆ ಬಂದ ಹೊಸದರಲ್ಲಿ ಇದೇನು ಆಟ ಅಂದುಕೊಂಡಿದ್ದೆ. ನಲವತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಕಳೆದ ಮೇಲೆ ಈಗ ನಾನೇ ಒಂದು ವಾರ ಮೊದಲು ಚಿಲ್ಲರೆ ಕೂಡಿಡುತ್ತೇನೆ.

ಈ ಸಲ ಮೊಮ್ಮಗಳಿಗೆ ಹೊಸ ಎತ್ತು ಬೇಕಾಗಿತ್ತು. ಬಡಗಿಯ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಎತ್ತುಗಳಿಗೆಲ್ಲ ಗಿಡ್ಡ ಕೊಂಬು. ನನಗೆ ಅದೇಕೋ ಮನಸ್ಸಿಗೆ ಬರಲಿಲ್ಲ. ಕೊಂಬು ಉದ್ದ ಇರಲಿ, ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಏರಲಿ, ತುದಿ ಚೂಪಾಗಿರಲಿ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಬಡಗಿ ನಕ್ಕ. “ಕಾಕಾ, ಇತ್ಕೀ ಮೋಠೀ ಶಿಂಗಂ? ಪೋರಗೀ ಮೋಡೂನ ಟಾಕೀಲ.” ಅಂದರೆ, ಇಷ್ಟು ದೊಡ್ಡ ಕೊಂಬೇ, ಹುಡುಗಿ ಮುರಿದು ಹಾಕುತ್ತಾಳೆ ಅಂತ. ಆದರೂ ಮಾಡಿಕೊಟ್ಟ, ಐವತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು.

ಮನೆಗೆ ಬರುವಾಗ ಮೊಮ್ಮಗಳು ಕೇಳಿದಳು. “ಅಜ್ಜಾ, ನಮ್ಮ ಎತ್ತಿನ ಕೊಂಬು ಮಾತ್ರ ಯಾಕೆ ಹೀಗೆ?”

“ನಮ್ಮೂರ ಎತ್ತಿನ ಕೊಂಬು ಹೀಗೇ ಇರೋದು ಪುಟ್ಟಾ.”

“ಯಾಕೆ ಹೀಗೇ ಇರೋದು?”

ಈ ಎರಡನೆಯ ‘ಯಾಕೆ’ ಇದೆಯಲ್ಲ, ಅದಕ್ಕೆ ಉತ್ತರ ಕೊಡಲು ನಾನು ಸುಮಾರು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಅವಳು ಅಲ್ಲಿಯವರೆಗೆ ಕಾಯಲಿಲ್ಲ, ಗೆಳತಿಯ ಮನೆಗೆ ಓಡಿದಳು. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ :)

ನಮ್ಮದು ಕಡೂರು ಸೀಮೆ. ಅಜ್ಜಂಪುರ, ಬೀರೂರು, ಅಲ್ಲಿಯ ಅಮೃತಮಹಲ್ ಕಾವಲುಗಳು, ಇವೆಲ್ಲ ನಾವು ಹುಡುಗರಾಗಿದ್ದಾಗ ದಿನಾ ಕಿವಿಗೆ ಬೀಳುತ್ತಿದ್ದ ಹೆಸರುಗಳು. ‘ಕಾವಲು’ ಅಂದರೆ ಸರ್ಕಾರಿ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲು. ನಮ್ಮ ಪಾಲಿಗೆ ಅದು ಕದ್ದು ಕಾರೆಹಣ್ಣು ಕೀಳುವ ಜಾಗ. ಅದರ ಹಿಂದೆ ಒಂದು ರಾಜ್ಯದ ಕಥೆ ಇದೆ ಎಂಬುದು ತಿಳಿದದ್ದು ನಾಗಪುರಕ್ಕೆ ಬಂದ ಎಷ್ಟೋ ವರ್ಷಗಳ ಮೇಲೆ, ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಓದಿದಾಗ. ಊರು ಬಿಟ್ಟ ಮೇಲೆಯೇ ಊರಿನ ಚರಿತ್ರೆ ಓದುವ ಚಪಲ ಹತ್ತುವುದು, ನಿಮಗೂ ಹಾಗೇ ಆಗಿರಬೇಕು.

ಕಥೆ ಶುರುವಾಗುವುದು ವಿಜಯನಗರದ ಕೊನೆಗಾಲದಲ್ಲಿ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನು ಹಳ್ಳಿಕಾರ್ ತಳಿಯ ಒಂದಷ್ಟು ಹಸುಗಳನ್ನು ತರಿಸಿ ‘ಕರುಹಟ್ಟಿ’ ಕಟ್ಟಿದ. ಆ ಹಟ್ಟಿ ಮುಂದೆ ಮೈಸೂರು ಅರಸರ ಕೈಗೆ ಬಂತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಅದಕ್ಕೆ ತಮ್ಮ ರಾಸುಗಳನ್ನು ಸೇರಿಸುತ್ತ ಹೋದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಇದಕ್ಕೊಂದು ಇಲಾಖೆಯೇ ಆಯಿತು, ಹೆಸರು ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗುರುತಿಸಿ ಬಿಟ್ಟರು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ದನಗಳು ಹುಲ್ಲು ನೀರು ಹುಡುಕಿಕೊಂಡು ಕಾವಲಿನಿಂದ ಕಾವಲಿಗೆ ನಡೆಯುತ್ತಿದ್ದವು.

ಹೈದರಾಲಿ ಬಂದ ಮೇಲೆ ಬೆಣ್ಣೆಯ ಮಾತು ಹಿಂದೆ ಬಿತ್ತು. ಅವನಿಗೆ ಬೇಕಾಗಿದ್ದು ಫಿರಂಗಿ ಎಳೆಯುವ ಎತ್ತು. ಪಾಳೆಯಗಾರರನ್ನು ಸೋಲಿಸಿದಾಗ ಅವರ ಒಳ್ಳೆಯ ದನಗಳೂ ಸರ್ಕಾರದ ಹಟ್ಟಿಗೆ ಬಂದವು. ಚಿತ್ರದುರ್ಗದವು, ಹಾಗಲವಾಡಿಯವು, ಹೀಗೆ. ಮಗ ಟಿಪ್ಪು ಬೆಣ್ಣೆ ಚಾವಡಿಯ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿದ. ಹಟ್ಟಿಗಳನ್ನು ನೋಡಿಕೊಳ್ಳುವುದು ಹೇಗೆಂದು ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ದನಗಳ ಲೆಕ್ಕ ಹಿಡಿಯುವಾಗ ತಾನೇ ಆಸಕ್ತಿಯಿಂದ ನೋಡಿ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದನಂತೆ.

ಫಲ ಏನಾಯಿತು? 1781ರಲ್ಲಿ ಚಿದಂಬರದ ಕಡೆ ಇಂಗ್ಲಿಷರ ದಂಡು ಬಂದಿದೆ ಎಂದು ತಿಳಿದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಹೋಗಿ ಅಡ್ಡ ನಿಂತ. ಪೋರ್ಟೋ ನೋವೋದಲ್ಲಿ ಸೋತ. ಆದರೆ ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ಫಿರಂಗಿಗಳನ್ನು ಎಳೆದುಕೊಂಡು ಹೋದ. 1783ರಲ್ಲಿ ಬಿದನೂರನ್ನು ಮರಳಿ ಹಿಡಿಯಲು ಟಿಪ್ಪು ಒಂದೇ ತಿಂಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಬಂದ. ಮೆಡೋಸ್ ಜನರಲ್ಲನ ಎದುರು ಎರಡು ದಿನದಲ್ಲಿ 63 ಮೈಲಿ ನಡೆದ. ಗೆಜೆಟಿಯರ್‌ನಲ್ಲಿ ಇವನ್ನೆಲ್ಲ ಬರೆದು, ಇದಕ್ಕೆಲ್ಲ ಕಾರಣ ಅಮೃತಮಹಲ್ ಎಂದು ಹೇಳಿದ್ದಾರೆ. ಶಾಲೆಯಲ್ಲಿ ನಾವು ಮೈಸೂರು ಯುದ್ಧಗಳನ್ನು ಒಂದನೆಯದು, ಎರಡನೆಯದು ಎಂದು ಬಾಯಿಪಾಠ ಮಾಡಿದೆವಲ್ಲ, ಒಂದು ಸಾಲಿನಲ್ಲಾದರೂ ಎತ್ತು ಬಂದಿತ್ತೇ?

ಈಗ ಆ ‘ಯಾಕೆ’ಗೆ ಬರೋಣ. ಇಂಥ ಎತ್ತನ್ನು ‘ಮಾಡಿದ್ದು’ ಹೇಗೆ?

ವಂಶವಾಹಿ, ಜೀನು ಇವೆಲ್ಲ ಆಗ ಯಾರಿಗೂ ಗೊತ್ತಿರಲಿಲ್ಲ. ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳ ಲೆಕ್ಕ ಅಚ್ಚು ಹಾಕಿಸಿದ್ದು 1866ರಲ್ಲಿ, ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಆದರೆ ಗುಣ ಮನೆತನದಲ್ಲಿ ಹರಿಯುತ್ತದೆ ಎಂಬುದು ದನ ಕಾಯುವವನಿಗೆ ಎಂದೋ ಗೊತ್ತಿತ್ತು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ನಮ್ಮವರು ಹೇಳಿದ್ದು ಹೆಣ್ಣು ನೋಡಲು ಹೋಗುವವರಿಗೆ ಮಾತ್ರವಲ್ಲ. ಹಟ್ಟಿಯ ಗುಟ್ಟು ಇದ್ದದ್ದು ಹೋರಿಯಲ್ಲಿ. ಒಂದು ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕೀತು. ಒಂದು ಬೀಜದ ಹೋರಿ ಹತ್ತಾರು ಕರುಗಳಿಗೆ ತಂದೆ. ಆದ್ದರಿಂದ ಹುಟ್ಟಿದ ಹೋರಿಗರುಗಳಲ್ಲಿ ನಡಿಗೆ, ಮೈಕಟ್ಟು, ಗೊರಸು, ಬಣ್ಣ, ಕೊಂಬು ಎಲ್ಲ ನೋಡಿ ಕೆಲವನ್ನು ಮಾತ್ರ ಬೀಜಕ್ಕೆ ಉಳಿಸಿ, ಮಿಕ್ಕವಕ್ಕೆ ಬೀಜ ಒಡೆಸಿ ಎತ್ತು ಮಾಡುತ್ತಿದ್ದರು. ಹೊರಗಿನ ಹೋರಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಇಷ್ಟನ್ನೇ ತಲೆಮಾರುಗಳ ಕಾಲ ಬಿಡದೆ ಮಾಡಿದರೆ ಸಾಕು, ತಳಿ ತಾನಾಗಿ ಎದ್ದು ನಿಲ್ಲುತ್ತದೆ.

ಇನ್ನೊಬ್ಬ ಪರೀಕ್ಷಕನೂ ಇದ್ದ, ಕಾವಲು. ಕೊಟ್ಟಿಗೆಯಿಲ್ಲ, ಹಿಂಡಿ ಬೂಸವಿಲ್ಲ, ಬಿಸಿಲು ಮಳೆ ಚಳಿಯಲ್ಲಿ ಬಯಲೇ ಮನೆ. ಚಿರತೆಯ ಕಾಟ ಬೇರೆ. ಬರಗಾಲದಲ್ಲಿ ಒಣಹುಲ್ಲಿನ ಮೇಲೆ ಬದುಕಿದ ಹಸುವೇ ಮುಂದಿನ ಕರು ಹಾಕುತ್ತಿತ್ತು. ಮನುಷ್ಯ ವೇಗವನ್ನು ಆರಿಸಿದ, ಕಾವಲು ಗಟ್ಟಿತನವನ್ನು ಆರಿಸಿತು.

ಆದರೆ ಗುಣಗಳು ಬಿಡಿಬಿಡಿಯಾಗಿ ಬರುವುದಿಲ್ಲ ನೋಡಿ, ಗೊಂಚಲಲ್ಲಿ ಬರುತ್ತವೆ. ಬೇಕಾದ್ದನ್ನು ಹಿಡಿದು ಎಳೆದರೆ ಬೇಡದ್ದೂ ಜೊತೆಗೆ ಬರುತ್ತದೆ, ಬೇಕಾಗಿದ್ದ ಇನ್ನೊಂದು ಜಾರಿ ಹೋಗುತ್ತದೆ. ಅಮೃತಮಹಲ್‌ಗೆ ವೇಗದ ಜೊತೆ ಸಿಡುಕು ಬಂತು. ಅಪರಿಚಿತರು ಹತ್ತಿರ ಹೋದರೆ ಕೊಂಬು ಬೀಸುತ್ತದೆ. ಹಾಲು ಕೈಬಿಟ್ಟಿತು. ಒಂದು ಸೂಲಿಗೆ ಐದಾರುನೂರು ಲೀಟರ್ ದಾಟುವುದು ಕಷ್ಟ, ಅದನ್ನೂ ಕರುವನ್ನು ಬಿಟ್ಟು ಬೇರೆಯವರಿಗೆ ಸುಲಭವಾಗಿ ಕೊಡುವುದಿಲ್ಲ. ಬೆಣ್ಣೆಯ ಹೆಸರಲ್ಲಿ ಶುರುವಾದ ಹಟ್ಟಿ ಕೊನೆಗೆ ಬೆಣ್ಣೆಯೇ ಇಲ್ಲದ ಹಟ್ಟಿಯಾಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಹೆಚ್ಚುಕಡಿಮೆ ಹೈದರನ ಕಾಲದಲ್ಲೇ ಇಂಗ್ಲೆಂಡಿನ ಡಿಶ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತನಿದ್ದ (1725-1795). ತಳಿ ಸುಧಾರಣೆಯ ಪಿತಾಮಹ ಎಂದು ಪುಸ್ತಕಗಳು ಕೊಂಡಾಡುತ್ತವೆ. ಉದ್ದ ಕೊಂಬಿನ ದನಗಳನ್ನು ಹತ್ತಿರದ ಸಂಬಂಧದಲ್ಲೇ ಕೂಡಿಸಿ ಮೈತುಂಬ ಮಾಂಸ, ಕೊಬ್ಬು ಬರುವಂತೆ ಮಾಡಿದ. ಆದರೆ ಅವುಗಳ ಹಾಲು ಇಳಿಯಿತು, ಗಬ್ಬ ನಿಲ್ಲುವುದೂ ಕಡಿಮೆಯಾಯಿತು. ಕೊನೆಗೆ ಗಿಡ್ಡ ಕೊಂಬಿನ ಇನ್ನೊಂದು ತಳಿ ಬಂದು ಅವುಗಳ ಜಾಗ ಹಿಡಿಯಿತು. ಬೇಕ್‌ವೆಲ್‌ನ ಹೆಸರು ಉಳಿದಿದೆ. ಕರುಹಟ್ಟಿಯಲ್ಲಿ ಇದೇ ಕೆಲಸವನ್ನು ಅದಕ್ಕೂ ಮೊದಲಿನಿಂದ ಮಾಡಿಕೊಂಡು ಬಂದ ದನಗಾಹಿಗಳಲ್ಲಿ ಒಬ್ಬನ ಹೆಸರೂ ನನಗೆ ಎಲ್ಲೂ ಸಿಕ್ಕಿಲ್ಲ.

ಇರಲಿ. ಇಲ್ಲಿಂದ ಕಥೆ ನಾಗಪುರದ ದಾರಿ ಹಿಡಿಯುತ್ತದೆ, ನನಗೆ ಇಷ್ಟವಾದ ಭಾಗ ಇದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರದ ಕಣ್ಣು ಅಮೃತಮಹಲ್ ಮೇಲೆ ಬಿತ್ತು. ಆಗ ಮೈಸೂರಿನಲ್ಲಿ ದಂಡಿನ ಮುಖ್ಯಸ್ಥನಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್‌ಟನ್ ಡ್ಯೂಕ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನು. ಒಳ್ಳೆಯ ಎತ್ತಿಲ್ಲದೆ ದಂಡು ಬೇಗ ನಡೆಯಲಾರದು ಎಂಬುದು ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತು. 1803ರ ಮಾರ್ಚ್ 9ರಂದು ಅವನ ದಂಡು ಹರಿಹರದಿಂದ ಹೊರಟಿತು. ದಿವಾನ್ ಪೂರ್ಣಯ್ಯನವರು ದವಸ ಧಾನ್ಯ, ಎತ್ತು, ಮೈಸೂರಿನ ಕುದುರೆ ಸವಾರರನ್ನು ಒದಗಿಸಿದರು. ಏಪ್ರಿಲ್ 20ಕ್ಕೆ ಪುಣೆ. ಸೆಪ್ಟೆಂಬರ್ 23ಕ್ಕೆ ಅಸ್ಸಾಯೆ. ಅಲ್ಲಿ ಎದುರಿಗೆ ಇದ್ದವರು ಸಿಂಧಿಯಾ ಮತ್ತು ನಮ್ಮ ನಾಗಪುರದ ಎರಡನೆಯ ರಘೂಜಿ ಭೋಸ್ಲೆ. ಮರಾಠರ ಫಿರಂಗಿಗಳ ಹೊಡೆತಕ್ಕೆ ವೆಲ್ಲೆಸ್ಲಿಯ ಫಿರಂಗಿ ಎತ್ತುಗಳು ನೊಗದಲ್ಲೇ ಸತ್ತು ಬಿದ್ದವು, ಬಂಡಿ ಹೊಡೆಯುವವರೂ ಸತ್ತರು. ಫಿರಂಗಿಗಳನ್ನು ಅಲ್ಲೇ ಬಿಟ್ಟು ಕಾಲಾಳುಗಳು ಮುಂದೆ ಹೋಗಬೇಕಾಯಿತು. ನವೆಂಬರ್ 29ರಂದು ಅಕೋಲಾ ಸೀಮೆಯ ಅರಗಾಂವ್, ಡಿಸೆಂಬರ್ 15ರಂದು ಮೇಳಘಾಟದ ಅಂಚಿನ ಗಾವಿಲಗಡ ಕೋಟೆ. ಎರಡು ದಿನದ ಮೇಲೆ ದೇವಗಾಂವ್ ಒಪ್ಪಂದ. ರಘೂಜಿ ಕಟಕ್ ಪ್ರಾಂತವನ್ನೂ ವರ್ಧಾ ನದಿಯ ಪಶ್ಚಿಮದ ವರಾಡ ನಾಡನ್ನೂ ಕಳೆದುಕೊಂಡ.

ನಾನು ರೈಲಿನಲ್ಲಿ ಟ್ರಂಕು ಇಟ್ಟುಕೊಂಡು ವಿದರ್ಭಕ್ಕೆ ಬಂದದ್ದು 1981ರಲ್ಲಿ. ನಮ್ಮ ಸೀಮೆಯ ಎತ್ತು ಅದಕ್ಕೆ 178 ವರ್ಷ ಮೊದಲೇ ಫಿರಂಗಿ ಎಳೆದುಕೊಂಡು ಇಲ್ಲಿಗೆ ನಡೆದು ಬಂದಿತ್ತು!

ಇನ್ನೊಂದು ಸ್ವಾರಸ್ಯ ಕೇಳಿ. ಮಕ್ಕಳ ತಾನ್ಹಾ ಪೋಳಾ ಶುರು ಮಾಡಿದ್ದು ಇದೇ ರಘೂಜಿ ರಾಜ, 1806ರಲ್ಲಿ, ಎಂದು ನಾಗಪುರದ ಜನ ಹೇಳುತ್ತಾರೆ. ಸೋತ ಮೂರೇ ವರ್ಷಕ್ಕೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ಚರಿತ್ರೆಯನ್ನು ಹಾಗೆ ಗಂಟು ಹಾಕಬಾರದು. ಆದರೆ ಪ್ರತಿ ವರ್ಷ ಬೋಜಾರಾ ಕೊಡುವಾಗ ನೆನಪಾಗದೆ ಇರುವುದಿಲ್ಲ.

ಮರಾಠರ ಹತ್ತಿರವೂ ತಮ್ಮದೇ ಎತ್ತು ಇತ್ತು. ವರ್ಧಾ, ನಾಗಪುರ, ಛಿಂದವಾಡಾ ಕಡೆಯ ‘ಗವಳಾಊ’. ಬೆಳ್ಳಗೆ, ಸಪೂರ ಮೈ, ಉದ್ದ ಮುಖ, ಗಿಡ್ಡ ಕೊಂಬು, ಓಡುವುದರಲ್ಲಿ ಚುರುಕು. ಗುಡ್ಡಗಾಡಿನಲ್ಲಿ ದಂಡಿನ ಸಾಮಾನು ಬೇಗ ಸಾಗಿಸಲು ಮರಾಠರು ಇದನ್ನು ಬೆಳೆಸಿದರು ಎನ್ನುತ್ತಾರೆ. ಅಂದರೆ ಇಬ್ಬರು ಶತ್ರುಗಳು ಬೇರೆ ಬೇರೆ ಮೂಲದ ದನಗಳಿಂದ ಒಂದೇ ಗುಣವನ್ನು ಆರಿಸಿ ತೆಗೆದಿದ್ದರು. ಕೊಂಬು ಬೇರೆ, ನಡಿಗೆ ಒಂದೇ. ಹಾಗೆ ನೋಡಿದರೆ ಬಡಗಿಯ ಗಿಡ್ಡ ಕೊಂಬಿನ ಎತ್ತೂ ತಪ್ಪಲ್ಲ, ಅದು ಅವನ ಊರಿನ ಎತ್ತು. ನಾನೇ ಸುಮ್ಮನೆ ಹಠ ಹಿಡಿದೆ.

ಆಮೇಲಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಕಂಪನಿಯ ಕಾಲದಲ್ಲಿ ಮೊದಲು ಹಟ್ಟಿ ಸೊರಗಿತು. 1813ರಲ್ಲಿ ಹಾರ್ವೆ ಎಂಬ ಕ್ಯಾಪ್ಟನ್ ಕೈಗೆ ಬಂದ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸಲೆಂದು ಅಮೃತಮಹಲ್ಲನ್ನೇ ಮುಚ್ಚಿ ರಾಸುಗಳನ್ನು ಮಾರಿಹಾಕಿತು. ಒಂದಷ್ಟು ಈಜಿಪ್ತಿನ ಪಾಷಾನಿಗೆ ಹೋದವು ಎನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ದಂಡಿಗೆ ಒಳ್ಳೆಯ ಎತ್ತು ಸಿಗದೆ ತಪ್ಪು ಅರಿವಾಗಿ 1866ರ ಹೊತ್ತಿಗೆ ಮತ್ತೆ ಅಲ್ಲಿ ಇಲ್ಲಿ ಹುಡುಕಿ ಹಟ್ಟಿ ಕಟ್ಟಿದರು. ಇನ್ನೂರು ವರ್ಷ ಜೋಡಿಸಿದ್ದನ್ನು ಒಂದು ಹರಾಜಿನಲ್ಲಿ ಚೆಲ್ಲಿ, ಮತ್ತೆ ಹೆಕ್ಕಿದ್ದು. ಎಂಬತ್ತರ ದಶಕದಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಅದು 1880ರ ದಶಕ.

ನೂರು ವರ್ಷದ ಮೇಲಿನ ಇನ್ನೊಂದು ಎಂಬತ್ತರ ದಶಕದಲ್ಲಿ ನಾನೂ ಮದ್ರಾಸ್ ಸರ್ಕಾರದ ಕೆಲಸವನ್ನೇ ಮಾಡಿದೆ.

ನಮ್ಮ ಅಪ್ಪನ ಹತ್ತಿರ ಒಂದು ಜೊತೆ ಅಮೃತಮಹಲ್ ಎತ್ತುಗಳಿದ್ದವು. ಬೀರೂರಿನ ಹರಾಜಿನಲ್ಲಿ ಕೂಗಿ ತಂದದ್ದು. ಪಳಗಿಸುವುದರಲ್ಲಿ ಅವರ ಕೈಗೆ ಎರಡು ಸಲ ಪೆಟ್ಟಾಗಿತ್ತು. ಹಳೆಯ ಎತ್ತಿನ ಜೊತೆ ಒಂದೊಂದನ್ನೇ ನೊಗಕ್ಕೆ ಕಟ್ಟಿ, ತಿಂಗಳುಗಟ್ಟಲೆ ಬೆಳಗಿನ ಹೊತ್ತು ಖಾಲಿ ಬಂಡಿ ಎಳೆಸಿ, ಅಂತೂ ಹದಕ್ಕೆ ತಂದಿದ್ದರು. ಅಂತರಘಟ್ಟೆ ಜಾತ್ರೆಗೆ ಪಾನಕದ ಬಂಡಿ ಕಟ್ಟಿದರೆ ನಮ್ಮ ಬಂಡಿಯನ್ನು ಹಿಂದಿಕ್ಕುವವರು ಅಪರೂಪ. ಅಪ್ಪನ ಮುಖದಲ್ಲಿ ನಗು ನೋಡಬೇಕಾದರೆ ಆ ದಿನವೇ ನೋಡಬೇಕಿತ್ತು.

1986ರಲ್ಲಿ ನಾನು ಇಲ್ಲಿಂದ ಒಂದು ಇನ್‌ಲ್ಯಾಂಡ್ ಬರೆದೆ. ಕ್ಷೀರಕ್ರಾಂತಿಯ ದಿನಗಳು. ಓದಿದ ಮಗನ ಧಾಟಿಯಲ್ಲಿ, ಆ ಜೋಡಿಗೆ ಹಾಕುವ ಮೇವು ದಂಡ, ಮಾರಿಬಿಡಿ, ಮನೆಯ ನಾಟಿ ಹಸುವಿಗೆ ಸೀಮೆ ತಳಿಯ ಇಂಜೆಕ್ಷನ್ ಕೊಡಿಸಿ, ಹಾಲು ಡೇರಿಗೆ ಹಾಕಿ, ತಂಗಿಯ ಮದುವೆಗೆ ಆಗುತ್ತದೆ ಎಂದು ಬರೆದಿದ್ದೆ. ಅಪ್ಪ ಮರುಟಪಾಲಿಗೆ ಕಾರ್ಡು ಹಾಕಿದರು. ‘ನೀನು ತಿಳಿದವನು, ಹಾಗೇ ಆಗಲಿ.’ ಅಷ್ಟೇ. ಜೋಡಿ ಹಾವೇರಿ ಕಡೆಯವರ ಪಾಲಾಯಿತು.

ನನ್ನ ಲೆಕ್ಕ ತಪ್ಪಾಗಲಿಲ್ಲ ಎಂಬುದನ್ನೂ ಹೇಳಬೇಕು. ನಾಟಿ ಹಸುವಿಗೆ ಹುಟ್ಟಿದ ಮಿಶ್ರತಳಿಯ ಹೆಣ್ಣುಗರು ದೊಡ್ಡದಾಗಿ ದಿನಕ್ಕೆ ಎಂಟು ಲೀಟರ್ ಕರೆಯಿತು. ಹೋರಿ ತಾನು ಹಾಲು ಕೊಡುವುದಿಲ್ಲ, ಆದರೆ ತನ್ನ ತಾಯಿಯ ಹಾಲಿನ ಗುಣವನ್ನು ಮಗಳಿಗೆ ದಾಟಿಸುತ್ತದೆ ಎಂಬ ಪಾಠ ನಮ್ಮ ಕೊಟ್ಟಿಗೆಯಲ್ಲೇ ಕಣ್ಣಾರೆ ಕಂಡಿತು. ತಂಗಿಯ ಮದುವೆ ಆ ಹಾಲಿನ ದುಡ್ಡಿನಲ್ಲೇ ಆಯಿತು. ಅವ್ವ ನನ್ನನ್ನು ಹೊಗಳಿದಳು. ಆದರೆ ಅದೇ ಹಸುವಿಗೆ ಹುಟ್ಟಿದ ಗಂಡುಗರುಗಳಿಗೆ ಹಿಣಿಲೇ ಸರಿಯಾಗಿ ಏಳಲಿಲ್ಲ. ನೊಗ ನಿಲ್ಲುವುದು ಎಲ್ಲಿ? ಬಿಸಿಲಿಗೆ ನಾಲಿಗೆ ಚಾಚಿ ನಿಂತುಬಿಡುತ್ತಿದ್ದವು. ಅವನ್ನು ಕೊಳ್ಳುವವರೂ ಇರಲಿಲ್ಲ. ಅಪ್ಪ ಒಂದು ದಿನವೂ ನನ್ನನ್ನು ದೂರಲಿಲ್ಲ. ಅಂತರಘಟ್ಟೆ ಜಾತ್ರೆಗೆ ಹೋಗುವುದನ್ನು ಮಾತ್ರ ಬಿಟ್ಟರು. ಅದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ, ತಂಗಿ ಹೇಳಿದಾಗ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಮಗನನ್ನು ಕರೆದುಕೊಂಡು ಕಾವಲಿನ ಕಡೆ ಹೋಗಿದ್ದೆ. ಅಜ್ಜಂಪುರದ ತಳಿ ಕೇಂದ್ರ ಈಗಲೂ ಇದೆ, ಬೀರೂರಿನಲ್ಲಿ ಹೋರಿಗರುಗಳ ಹರಾಜೂ ನಡೆಯುತ್ತದೆ. ಜೋಡಿಗೆ ಲಕ್ಷಗಟ್ಟಲೆ ಕೂಗುವವರಿದ್ದಾರೆ, ಉಳುವುದಕ್ಕಿಂತ ಹೆಚ್ಚಾಗಿ ಹೋರಿ ಹಬ್ಬಕ್ಕೆ, ಬಂಡಿ ಓಟಕ್ಕೆ, ಶೋಕಿಗೆ. ದೂರದಲ್ಲಿ ಬೂದು ಬಣ್ಣದ ಹಸುಗಳು ಮೇಯುತ್ತಿದ್ದವು. ದನ ಕಾಯುವವನು ಒಂದು ಹೆಸರು ಹಿಡಿದು ಕೂಗಿದ. ನೂರು ಹಸುಗಳ ಮಧ್ಯದಿಂದ ಒಂದೇ ಒಂದು ತಲೆಯೆತ್ತಿ ಅವನ ಕಡೆ ನಡೆದು ಬಂತು. ಅದರ ತಾಯಿಯನ್ನೂ ಅಜ್ಜಿಯನ್ನೂ ಅವನ ಅಪ್ಪ ಕಾದಿದ್ದನಂತೆ. ಎರಡು ಮನೆತನಗಳು, ಒಂದು ಹಸುವಿನದು ಒಂದು ಮನುಷ್ಯನದು, ಜೊತೆಜೊತೆಯಾಗಿ ಇಳಿದು ಬಂದಿವೆ. ನನ್ನ ಮಗ ಮೊಬೈಲಿನಲ್ಲಿ ಫೋಟೋ ತೆಗೆಯಲು ಹತ್ತಿರ ಹೋದ. ಹಸು ಕೊಂಬು ಬಗ್ಗಿಸಿತು, ಅವನು ಬಂದ ವೇಗದಲ್ಲೇ ವಾಪಸು :)

ಕಾವಲು ಮಾತ್ರ ಕರಗುತ್ತಿದೆ. ಹಿಂದೆ ನಾಲ್ಕು ಲಕ್ಷ ಎಕರೆಯಷ್ಟಿದ್ದದ್ದು ಒತ್ತುವರಿ, ನೀಲಗಿರಿ ತೋಪು, ಬಗರ್‌ಹುಕುಂ ಅಂತ ಚೂರುಚೂರಾಗಿ ಹೋಗಿದೆ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲನ್ನು ಡಿಆರ್‌ಡಿಓ, ಇಸ್ರೋ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಊರಿನವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ವಿಜ್ಞಾನ ಬೇಡ ಎನ್ನುವವನು ನಾನಲ್ಲ. ಆದರೆ ಹೋರಿಯ ವೀರ್ಯವನ್ನು ಡಬ್ಬಿಯಲ್ಲಿ ತಣ್ಣಗೆ ಎಷ್ಟು ವರ್ಷ ಬೇಕಾದರೂ ಇಡಬಹುದು, ಬಯಲನ್ನು ಇಡಲಾಗುವುದಿಲ್ಲ. ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಬೆಳೆದ ಅಮೃತಮಹಲ್‌ಗೆ ಕೊಂಬು ಅಷ್ಟೇ ಉದ್ದ ಬರುತ್ತದೆ. ಬರಗಾಲದಲ್ಲಿ ಒಣಹುಲ್ಲಿನ ಮೇಲೆ ಯಾವುದು ಉಳಿಯುತ್ತದೆ ಎಂದು ಆರಿಸುವವರು ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ಹಿಂಡು ಚಿಕ್ಕದಾದಷ್ಟೂ ಹತ್ತಿರದ ಸಂಬಂಧದಲ್ಲೇ ಕೂಡುವುದು ಹೆಚ್ಚುತ್ತದೆ, ಅಡಗಿ ಕುಳಿತ ದೋಷಗಳು ಹೊರಗೆ ಬರುತ್ತವೆ. ಬೇಕ್‌ವೆಲ್‌ನ ಕಥೆ ಹೇಳಿದೆನಲ್ಲ.

ತಾನ್ಹಾ ಪೋಳಾದ ಸಂಜೆ ಮೊಮ್ಮಗಳು ಗಲ್ಲಿ ಸುತ್ತಿ ಬಂದಾಗ ಕೈಯಲ್ಲಿ ಇನ್ನೂರ ಮೂವತ್ತು ರೂಪಾಯಿ ಇತ್ತು, ಎತ್ತಿಗೆ ಒಂದೇ ಕೊಂಬಿತ್ತು. ಬಡಗಿ ಹೇಳಿದಂತೆಯೇ ಆಯಿತು. ಮುರಿದ ಕೊಂಬನ್ನು ಫ್ರಾಕಿನ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು. ಫೆವಿಕಾಲ್ ಹಚ್ಚಿ ರಬ್ಬರ್ ಬ್ಯಾಂಡ್ ಸುತ್ತಿ ಟಿವಿಯ ಪಕ್ಕ ಇಟ್ಟಿದ್ದೇನೆ. ಬೆಳಗ್ಗೆಯವರೆಗೆ ಮುಟ್ಟಬೇಡ ಅಂದಿದ್ದೇನೆ, ಅವಳು ಆಗಲೇ ಎರಡು ಸಲ ಮುಟ್ಟಿ ನೋಡಿದ್ದಾಳೆ.